ಕಾದಂಬರಿಯೊಳಗೆ ಮನೆ ಮಾಡಬೇಕೆನ್ನುವವರಿಗೆ

ಡೊಂಬಿವಲಿಯ ಓದುಗರೊಬ್ಬರಿಂದ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದವಿದೆ, ಬೇಕಾದಷ್ಟನ್ನು ಮಾತ್ರ ಇಲ್ಲಿ ಕೊಟ್ಟಿದ್ದೇನೆ.

"ಸಂಪಾದಕರೇ, ನನಗೆ 46 ವರ್ಷ. ಫೋರ್ಟಿನಲ್ಲಿ ಕೆಲಸ. ದಿನಾ ವಿ.ಟಿ. ಸ್ಟೇಷನ್ನಿನವರೆಗೆ ಲೋಕಲ್‌ನಲ್ಲಿ ಹೋಗಿ ಬರುವಾಗ ಕನ್ನಡ ಕಾದಂಬರಿ ಓದುತ್ತೇನೆ. ಈ ವರ್ಷ 'ಮಲೆಗಳಲ್ಲಿ ಮದುಮಗಳು' ಎರಡನೇ ಸಲ ಓದಿದೆ. ಇಳಿಯುವ ಹೊತ್ತಿಗೆ ಸಿಟ್ಟು ಬರುತ್ತದೆ. ಆ ಕಾಡು, ಆ ಮಳೆ, ಆ ಮನೆಗಳ ನಡುವೆ ಇದ್ದುಬಿಡೋಣ ಅನಿಸುತ್ತದೆ. ನಾನು ಹುಟ್ಟಿ ಬೆಳೆದದ್ದು ಮುಂಬೈಯಲ್ಲೇ, ಮಲೆನಾಡು ನೋಡಿಯೇ ಇಲ್ಲ. ಆದರೂ ಅಲ್ಲಿ ನನಗೊಂದು ಮನೆ ಇದೆ. ಮಹಡಿಯಲ್ಲಿ ಯಾವ ಕೋಣೆ ನನ್ನದು ಅನ್ನುವುದೂ ನಿಶ್ಚಯವಾಗಿದೆ! ಚಿಕ್ಕವಳಿದ್ದಾಗ ಟಿವಿಯಲ್ಲಿ ಮಾಲ್ಗುಡಿ ನೋಡಿದಾಗಲೂ ಹೀಗೇ ಆಗಿತ್ತು. ಮಗಳು ನಗುತ್ತಾಳೆ. ಅವಳೇನು ಕಡಿಮೆ ಇಲ್ಲ, ಅವಳಿಗೆ ಹ್ಯಾರಿ ಪಾಟರ್‌ನ ಶಾಲೆಗೆ ಸೇರಬೇಕಂತೆ. ನಮಗೆಲ್ಲ ಯಾಕೆ ಹೀಗೆ? ಇದೇನು ಕಾಯಿಲೆಯೇ? ಒಮ್ಮೆ ಆ ಕಡೆ ಹೋಗಿ ನೋಡಿಬರಲೇ, ಇಲ್ಲಾ ನೋಡಿದರೆ ಮನಸ್ಸಿನಲ್ಲಿರುವುದೂ ಕೆಟ್ಟುಹೋದೀತೇ? ನಮ್ಮ ಅಜ್ಜ ಕಾರ್ಕಳದ ಹತ್ತಿರದ ಹಳ್ಳಿಯಿಂದ ಬಂದು, ಹೋಟೆಲಿನ ಮೋರಿಯಲ್ಲಿ ಪಾತ್ರೆ ತೊಳೆದು, ರಾತ್ರಿಶಾಲೆಯಲ್ಲಿ ಓದಿದವರು. ಅವರಿದ್ದಿದ್ದರೆ ನನ್ನ ಈ ಹುಚ್ಚಿಗೆ ಬೈಯುತ್ತಿದ್ದರೋ ಏನೋ."

ಕಾಯಿಲೆ ಅಲ್ಲ. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಂಥವರು ಬೇಕಾದಷ್ಟು ಜನ ಇದ್ದಾರೆ.

ಷೆರ್ಲಾಕ್ ಹೋಮ್ಸ್ ಕತೆಗಳು ಶುರುವಾದದ್ದು 1887ರಲ್ಲಿ. ಲಂಡನ್ನಿನ ಬೇಕರ್ ಸ್ಟ್ರೀಟ್‌ನ 221ಬಿ ಅವನ ವಿಳಾಸ. ಆಗ ಆ ಬೀದಿಯಲ್ಲಿ ಅಷ್ಟು ದೊಡ್ಡ ಮನೆ ನಂಬರೇ ಇರಲಿಲ್ಲ. ಮುಂದೆ ನಂಬರುಗಳು ಬದಲಾದವು. ಮನೆಸಾಲ ಕೊಡುವ ಸಂಸ್ಥೆಯೊಂದು 1932ರಲ್ಲಿ ಅದೇ ಜಾಗಕ್ಕೆ ಬಂತು. ಹೋಮ್ಸ್ ಹೆಸರಿಗೆ ಬರುವ ಕಾಗದಗಳು ಆ ಕಚೇರಿಗೆ ಬಂದು ಬೀಳತೊಡಗಿದವು. ನಮ್ಮ ಕೇಸು ಸ್ವಲ್ಪ ನೋಡಿ ಅನ್ನುವವರೂ ಇದ್ದರು. ಕೊನೆಗೆ ಉತ್ತರ ಬರೆಯುವುದಕ್ಕೆಂದೇ ಒಬ್ಬರನ್ನು ನೇಮಿಸಬೇಕಾಯಿತು. ತಿಂಗಳು ತಿಂಗಳು ಓದುಗರಿಗೆ ಉತ್ತರ ಬರೆಯುವ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ. ಹೋಮ್ಸ್ ಪರವಾಗಿ ಬರೆಯುವುದೆಂದರೆ ಸುಮ್ನೆ ಮಾತಾ! ಈಚಿನದು ಬೇಕಾದರೆ, 2009ರ ಕೊನೆಯಲ್ಲಿ 'ಅವತಾರ್' ಸಿನಿಮಾ ಬಂದಾಗ ಅದರಲ್ಲಿನ ಕಾಡಿನ ಲೋಕ ನಿಜವಲ್ಲವಲ್ಲ ಅಂತ ಕೆಲವರು ಮಂಕಾಗಿ ಕೂತ ಸುದ್ದಿ ಪತ್ರಿಕೆಗಳಲ್ಲೇ ಬಂದಿತ್ತು.

ಇನ್ನು ಯಾಕೆ ಅನ್ನುವ ಪ್ರಶ್ನೆ. ಎಲ್ಲರೂ ಕೊಡುವ ಉತ್ತರ ಒಂದಿದೆ: ಇದ್ದ ಜಾಗದಿಂದ ಓಡಿಹೋಗುವ ಆಸೆ. ದೊಡ್ಡ ದೊಡ್ಡ ಕಲ್ಪನಾಲೋಕಗಳನ್ನು ಕಟ್ಟಿದ ಟೋಲ್ಕಿನ್ 1939ರ ಒಂದು ಉಪನ್ಯಾಸದಲ್ಲಿ ಇದಕ್ಕೆ ಜವಾಬು ಕೊಟ್ಟಿದ್ದರು. ಜೈಲಿನಲ್ಲಿರುವವನು ಹೊರಗಿನ ಲೋಕದ ಬಗ್ಗೆ ಯೋಚಿಸಿದರೆ ಅವನದೇನು ತಪ್ಪು ಅಂತ. ಮಾತು ಚೆನ್ನಾಗಿದೆ, ಆದರೆ ನಿಮಗೆ ಹೊಂದುವುದಿಲ್ಲ. ಡೊಂಬಿವಲಿ ಜೈಲಲ್ಲ. ಆ ಮನೆಗೆ ಇಷ್ಟಪಟ್ಟು ಕಂತು ಕಟ್ಟಿದ್ದೀರಿ. ಪತ್ರದಲ್ಲಿ ಎಲ್ಲೂ ನೀವು ಮುಂಬೈಯನ್ನು ಬೈದಿಲ್ಲ. ನಿಮ್ಮ ಸಿಟ್ಟು ಇರುವುದು ಇಳಿಯುವುದರ ಮೇಲೆ.

ಹಾಗಾಗಿ ನಿಮ್ಮ ಲೇಡೀಸ್ ಡಬ್ಬಿಯನ್ನೇ ನೋಡೋಣ. ಬೆಳಗಿನ ಗಾಡಿ, ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಕೂತಿದ್ದೀರಿ. ನಿಂತವರೊಬ್ಬರು ಬಗ್ಗಿ "ಕಹಾಂ ಉತರನಾ ಹೈ?" ಅಂತ ಕೇಳುತ್ತಾರೆ. ಒಬ್ಬರು ಠಾಣೆ, ಒಬ್ಬರು ಘಾಟ್ಕೋಪರ್, ಒಬ್ಬರು ದಾದರ್. ದಾದರ್‌ನವರ ಸೀಟು ಆಗಲೇ ಬುಕ್ ಆಗಿರುತ್ತದೆ. ನೀವು ವಿ.ಟಿ. ಅಂದ ಕೂಡಲೇ ಕೇಳಿದವರ ಮುಖ ಸಪ್ಪೆಯಾಗಿ ಮುಂದಿನ ಸೀಟಿಗೆ ತಿರುಗುತ್ತದೆ. ವರ್ಷಗಟ್ಟಲೆ ಒಂದೇ ಗಾಡಿಯಲ್ಲಿ ಹೋಗಿಬಂದವರಿಗೂ ನೀವು ಒಂದು ಸ್ಟೇಷನ್ನು, ಅಷ್ಟೇ. ಅವರು ಕೆಟ್ಟವರಲ್ಲ. ಅಷ್ಟು ಜನರಲ್ಲಿ ಯಾರು ಯಾರ ಹೆಸರು ಕೇಳಿಕೊಂಡು ಕೂರುವುದಕ್ಕಾಗುತ್ತದೆ?

ಅಂಥ ಸೀಟಿನಲ್ಲಿ ಕೂತು ನೀವು ಓದುತ್ತಿರುವ ಪುಸ್ತಕದ ಬಾಗಿಲಲ್ಲೇ ಕುವೆಂಪು ಏನು ಬರೆದಿದ್ದಾರೆ? "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ." 1967ರಲ್ಲಿ ಅಚ್ಚಾದ ಆ ಕಾದಂಬರಿ ಕೊನೆಯವರೆಗೂ ಆ ಮಾತು ಉಳಿಸಿಕೊಳ್ಳುತ್ತದೆ. ಗುತ್ತಿಯ ನಾಯಿ ಹುಲಿಯನನ್ನೇ ತೆಗೆದುಕೊಳ್ಳಿ. ತುಂಗೆಯ ನೆರೆಯಲ್ಲಿ ಅದಕ್ಕೆ ಸಾವು ಬರುವಾಗ ಓದುವವರ ಗಂಟಲು ಕಟ್ಟುತ್ತದೆ. ಒಂದು ನಾಯಿ ಹೋದದ್ದು ಆ ಲೋಕದಲ್ಲಿ ಲೆಕ್ಕಕ್ಕೆ ಬರುತ್ತದೆ.

ನನಗೆ ಅನಿಸುವುದು ಇಷ್ಟೇ. ನಾವು ಆಸೆಪಡುವುದು ಆ ಕಾಡಿಗೂ ಅಲ್ಲ, ಮಳೆಗೂ ಅಲ್ಲ. ನಾವು ಏನು ಮಾಡಿದರೂ ಯಾರಾದರೂ ಒಬ್ಬರು ನೋಡುತ್ತಿರುತ್ತಾರೆ, ನಮ್ಮದು ಯಾವುದೂ ಸುಮ್ನೆ ಹೋಗುವುದಿಲ್ಲ ಅನ್ನುವ ಭರವಸೆ ಅಲ್ಲಿದೆ. ಬರೆದವನ ಕಣ್ಣು ಎಲ್ಲರ ಮೇಲೂ ಇರುತ್ತದೆ. ನಮಗೆ ಬೇಕಾಗಿರುವುದು ಆ ಕಣ್ಣು.

ನಿಮ್ಮ ಮಗಳ ವಿಷಯವೂ ಇದೇ. 1997ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಹ್ಯಾರಿಗೆ ಶಾಲೆಯಿಂದ ಕಾಗದ ಬರುತ್ತದಲ್ಲ, ಅದರ ಮೇಲಿನ ವಿಳಾಸ ಏನೆಂದು ಅವಳನ್ನು ಕೇಳಿ, ತಟ್ಟನೆ ಹೇಳುತ್ತಾಳೆ. ಬೀದಿ, ಮನೆ ನಂಬರು ಮಾತ್ರ ಅಲ್ಲ, ಅವನು ಮಲಗುವ ಮೆಟ್ಟಿಲ ಕೆಳಗಿನ ಗೂಡಿನ ಸಮೇತ ಬರೆದಿರುತ್ತದೆ. ಮನೆಯವರಿಗೇ ಬೇಡವಾದ ಹುಡುಗ ಎಲ್ಲಿ ಮಲಗುತ್ತಾನೆ ಅನ್ನುವುದು ಎಲ್ಲೋ ದೂರದಲ್ಲಿರುವವರಿಗೆ ಗೊತ್ತಿದೆ. ಲಕ್ಷ ಮಕ್ಕಳ ಜೊತೆ ರೋಲ್ ನಂಬರ್ ಹಿಡಿದು ಬೋರ್ಡ್ ಪರೀಕ್ಷೆ ಬರೆಯುವ ಹುಡುಗಿಗೆ ಇದಕ್ಕಿಂತ ದೊಡ್ಡ ಜಾದೂ ಯಾವುದಿದೆ? ಮಂತ್ರದ ಕೋಲು ಆಮೇಲೆ.

ಯಾರೋ ನೋಡುತ್ತಿದ್ದರೆ ಸಾಕೇ ಅಂದರೆ, ಸಾಲದು. ಯಶವಂತ ಚಿತ್ತಾಲರ 'ಶಿಕಾರಿ' ಓದಿರುತ್ತೀರಿ. 1979ರ ಕಾದಂಬರಿ, ನಮ್ಮದೇ ಮುಂಬೈ. ಅಲ್ಲೂ ನಾಗಪ್ಪನ ಮೇಲೆ ಎಲ್ಲರ ಕಣ್ಣಿದೆ, ಆದರೆ ಬೇಟೆಗಾರರ ಕಣ್ಣು. ಆ ಕಾದಂಬರಿಗೆ ಹೋಗಿ ಇದ್ದುಬಿಡುತ್ತೇನೆ ಅಂದ ಒಬ್ಬ ಓದುಗರೂ ನನಗೆ ಸಿಕ್ಕಿಲ್ಲ. ನನ್ನ ಪ್ರಕಾರ ಅದು ನಮ್ಮ ದೊಡ್ಡ ಕಾದಂಬರಿಗಳಲ್ಲಿ ಒಂದು, ಆದರೂ ಅಲ್ಲಿ ಯಾರಿಗೂ ಮನೆ ಬೇಡ. ಅದೇ ಚಿತ್ತಾಲರು ಬಾಂದ್ರಾದಲ್ಲಿ ಕೂತು ತಾವು ಹುಟ್ಟಿದ ಹನೇಹಳ್ಳಿಯ ಕತೆಗಳನ್ನು ಬರೆಯುತ್ತಲೇ ಇದ್ದರು. ಅವನ್ನು ಓದಿದವರಿಗೆ ಹನೇಹಳ್ಳಿಗೆ ಹೋಗಬೇಕು ಅನಿಸುತ್ತದೆ. ಎರಡನ್ನೂ ಬರೆದ ಕೈ ಒಂದೇ, ಎರಡು ಕಡೆ ಜನ ಒಬ್ಬರನ್ನೊಬ್ಬರು ನೋಡುವ ರೀತಿ ಬೇರೆ.

ಇದರಲ್ಲಿ ಇನ್ನೊಂದು ಸಿಕ್ಕೂ ಇದೆ. ಅಮೆರಿಕದ ಜಾನಿಸ್ ರಾಡ್ವೇ ಅನ್ನುವವರು ಪ್ರೇಮಕಾದಂಬರಿ ಓದುವ ಗೃಹಿಣಿಯರನ್ನು ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ಬರೆದರು. ಯಾಕೆ ಓದುತ್ತೀರಿ ಅಂದರೆ ಆ ಹೆಂಗಸರು ಕತೆಯ ಬಗ್ಗೆ ಮಾತ್ರ ಹೇಳಲಿಲ್ಲ. ಪುಸ್ತಕ ಕೈಯಲ್ಲಿರುವಷ್ಟು ಹೊತ್ತು ತಮ್ಮದು, ಆಗ ಮನೆಯವರು ಏನೂ ಕೇಳುವ ಹಾಗಿಲ್ಲ ಅಂದರು. ನಿಮ್ಮ ಲೋಕಲ್‌ನ ಆ ಒಂದು ಗಂಟೆಯೂ ಅಂಥದ್ದೇ ಅಲ್ವಾ? ಅತ್ತ ಕುಕ್ಕರ್, ಇತ್ತ ಕಚೇರಿ, ನಡುವೆ ಕುರ್ಲಾ, ಸಾಯನ್. ಅಂದರೆ ನಮಗೆ ಎರಡೂ ಬೇಕು. ನಮ್ಮನ್ನು ಗಮನಿಸಬೇಕು, ಆದರೆ ಕೆಲಸ ಹೇಳಬಾರದು! ಇಂಥ ಸವಲತ್ತು ಇರುವುದು ಕಾದಂಬರಿಯೊಳಗೆ ಹೋದ ಓದುಗನಿಗೆ ಮಾತ್ರ. ಒಳಗಿರುವ ಪಾತ್ರಗಳಿಗೂ ಅದಿಲ್ಲ.

ಅದಕ್ಕೇ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಹಡಿಯ ಕೋಣೆಯನ್ನು ನೀವು ಹೇಗೆ ಹಿಡಿದಿರಿ? ಆ ಮನೆಯಲ್ಲಿ ಭತ್ತ ಕುಟ್ಟುವವರಿದ್ದಾರೆ, ಹಟ್ಟಿಯ ಗೊಬ್ಬರ ಹೊರುವವರಿದ್ದಾರೆ, ಹೊಸಿಲು ದಾಟಿ ಒಳಗೆ ಬರುವಂತೆಯೇ ಇಲ್ಲದವರಿದ್ದಾರೆ. ಗುತ್ತಿ ಜೀತದಾಳು. ಅದು ಹತ್ತೊಂಬತ್ತನೇ ಶತಮಾನದ ಮಲೆನಾಡು. ಚಳಿಜ್ವರ ಬಂದರೆ ಉಳಿಯುವುದು ದೇವರ ಇಚ್ಛೆ, ಹೆರಿಗೆಯಲ್ಲಿ ಬದುಕುವುದು ಪುಣ್ಯ. ಕುವೆಂಪು ಇದನ್ನೆಲ್ಲ ಮುಚ್ಚಿಟ್ಟಿಲ್ಲ. ಅಷ್ಟೇಕೆ, ಹೂವಳ್ಳಿ ವೆಂಕಪ್ಪನಾಯಕರ ಮಗಳು ಚಿನ್ನಮ್ಮನಿಗೆ ಇರುವುದಕ್ಕೆ ಮನೆ ಬೇಕಾದಷ್ಟಿತ್ತು. ಬೇಡದ ಮದುವೆ ತಪ್ಪಿಸಿಕೊಳ್ಳಲು ಅವಳು ರಾತ್ರೋರಾತ್ರಿ ಕಾಡಿಗೆ ಬಿದ್ದಳು. ನೀವು ಒಳಗೆ ಹೋಗಲು ನೋಡುತ್ತಿರುವ ಮನೆಯಿಂದ ಆ ಹುಡುಗಿ ಹೊರಗೆ ಓಡುತ್ತಿದ್ದಾಳೆ.

ನಿಮ್ಮ ಅಜ್ಜನೂ ಹಾಗೇ ಹೊರಟವರು. ಗದ್ದೆ, ತೋಟ, ಮಳೆ ಎಲ್ಲ ಇದ್ದ ಊರನ್ನು ಬಿಟ್ಟು ಮುಂಬೈಯ ಹೋಟೆಲಿನ ಮೋರಿಗೆ ಬಂದು ಕೂತರು ಅಂದರೆ, ಆ ಊರು ಅವರನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕಿಟ್ಟಿತ್ತು ಅಂತ ನಾವು ಊಹಿಸಬಹುದು. ಇಲ್ಲಿ ದಿನವಿಡೀ ಕೈ ಸೋಡಾದಲ್ಲಿ ಸುಟ್ಟರೂ ರಾತ್ರಿಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ಅವರ ಪೂರ್ತಿ ಹೆಸರು ಕರೆಯುತ್ತಿದ್ದರು. ಅವರು ಬೈಯುತ್ತಿರಲಿಲ್ಲ ಬಿಡಿ. ಅವರಿಗೂ ಒಂದು ಕಲ್ಪನೆಯ ಊರು ಇತ್ತು. ಅದರ ಹೆಸರು ಮುಂಬೈ ಅಂತಿತ್ತು.

ನಮ್ಮ ಮುಂಬೈ ಕನ್ನಡಿಗರಲ್ಲಿ ಇದು ಮೂರನೇ ತಲೆಮಾರಿಗೆ ತಿರುಗುಮುರುಗಾಗಿದೆ. ಪ್ರತಿ ತಿಂಗಳು ಈ ಕಚೇರಿಗೆ ಬರುವ ಕವಿತೆಗಳಲ್ಲಿ ಜಾಸ್ತಿ ಇರುವುದು ಊರಿನ ಬಾವಿಕಟ್ಟೆ, ಊರಿನ ಆಟ, ಅಜ್ಜಿ ಮನೆಯ ಹಲಸಿನ ಹಣ್ಣು. ಬಾವಿ ಮುಚ್ಚಿ ಬೋರ್‌ವೆಲ್ ತೆಗೆದು ಕಾಲವಾಗಿರುತ್ತದೆ, ಕವಿತೆಯಲ್ಲಿ ಮಾತ್ರ ನೀರು ಸೇದುತ್ತಲೇ ಇರುತ್ತಾರೆ. ಅದೂ ಕಾದಂಬರಿಯ ಊರೇ. ಬರೆಯುವವರಿಗೆ ಗೊತ್ತಿಲ್ಲ, ಅಷ್ಟೇ. ನಿಮಗೆ ಗೊತ್ತಿದೆ. ಆ ಮಟ್ಟಿಗೆ ನೀವೇ ವಾಸಿ.

ಕಾಯಿಲೆಯಾಗುವುದು ಯಾವಾಗ ಅನ್ನುವುದನ್ನೂ ಹೇಳಬೇಕು. ಕೆಲವರಿಗೆ ಹಗಲುಗನಸು ಗಂಟೆಗಟ್ಟಲೆ ಹಿಡಿದುಕೊಳ್ಳುತ್ತದೆ. ಊಟ, ನಿದ್ದೆ, ಕೆಲಸ, ಜನರ ಜೊತೆ ಮಾತು ಎಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಇಸ್ರೇಲಿನ ಮನಶ್ಶಾಸ್ತ್ರಜ್ಞ ಎಲಿ ಸೋಮರ್ 2002ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟು ಬರೆದ ಮೇಲೆ ಇದರ ಬಗ್ಗೆ ಮಾತು ಹೆಚ್ಚಾಗಿದೆ. ಮಗಳಲ್ಲಿ ಅಂಥ ಲಕ್ಷಣ ಕಂಡರೆ ನಗಬೇಡಿ, ಡಾಕ್ಟರ ಹತ್ತಿರ ಮಾತಾಡಿ. ನಿಮ್ಮ ವಿಷಯಕ್ಕೆ ಬಂದರೆ, ವಿ.ಟಿ.ಯಲ್ಲಿ ಸಿಟ್ಟಿನಿಂದಲಾದರೂ ಇಳಿಯುತ್ತೀರಲ್ಲ, ಸಾಕು.

ಹೋಗಿ ನೋಡಿಬರಲೇ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಮಾಲ್ಗುಡಿ ಬೇಕಿದ್ದರೆ ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿದೆ. ಆರ್.ಕೆ. ನಾರಾಯಣ್ ತಮ್ಮ ಮೊದಲ ಕಾದಂಬರಿ ಬರೆಯಲು ಕೂತಾಗ ಕಣ್ಣ ಮುಂದೆ ಬಂದದ್ದು ಪುಟ್ಟ ರೈಲು ಸ್ಟೇಷನ್ ಇರುವ ಒಂದು ಊರು. 1986ರಲ್ಲಿ ಶಂಕರ್‌ನಾಗ್ ಅದನ್ನು ಟಿವಿಗೆ ತಂದಾಗ ಊರಿನ ದೃಶ್ಯಗಳಿಗೆ ಆಗುಂಬೆ, ರೈಲಿನ ದೃಶ್ಯಗಳಿಗೆ ಅರಸಾಳು ಸಿಕ್ಕಿತು. ಈಗ ರೈಲ್ವೆಯವರು ಅರಸಾಳಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ನಡುವೆ ಒಂದು ತಮಾಷೆ: ಧಾರಾವಾಹಿಗೆ ಚಿತ್ರ ಬರೆದುಕೊಟ್ಟ ಆರ್.ಕೆ. ಲಕ್ಷ್ಮಣ್ ಕೆಲಸ ಮಾಡುತ್ತಿದ್ದುದು ನೀವು ದಿನಾ ಇಳಿಯುವ ವಿ.ಟಿ.ಯ ಎದುರಿನ ಪತ್ರಿಕಾ ಕಚೇರಿಯಲ್ಲಿ. ನಿಮ್ಮ ಮಾಲ್ಗುಡಿ ಅರ್ಧ ಇಲ್ಲಿಂದಲೇ ಹೋದದ್ದು.

ಆದರೆ ನನ್ನನ್ನು ಕೇಳಿದರೆ ಮೊದಲು ತೀರ್ಥಹಳ್ಳಿ ಹತ್ತಿರದ ಕುಪ್ಪಳಿಗೆ, ಕುವೆಂಪು ಅವರ ಊರಿಗೆ ಹೋಗಿ. ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಉಡುಪಿಯಲ್ಲಿ ಇಳಿಯಬಹುದು. ಅಲ್ಲಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುವ ಬಸ್ಸುಗಳಿವೆ. ಕುವೆಂಪು ಅವರ ಮನೆಯನ್ನು ಈಗ ಕವಿಮನೆ ಅಂತ ಕಾಪಾಡಿದ್ದಾರೆ. ಮರದ ಕಂಬಗಳ ಆ ಮನೆಯಲ್ಲಿ ಮಹಡಿಯೂ ಇದೆ, ಅಡುಗೆ ಪಾತ್ರೆಗಳೂ ಹೊಲದ ಸಾಮಾನುಗಳೂ ಇವೆ. ಎಲ್ಲರೂ ಫೋಟೋ ತೆಗೆದು ಬೇಗ ಹೊರಡುತ್ತಾರೆ. ನೀವು ಆ ಸಾಮಾನುಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ಮಳೆಗಾಲದಲ್ಲೇ ಹೋದರೆ ಒಳ್ಳೆಯದು. ಇಂಬಳ (ಕಾಡಿನ ಜಿಗಣೆ) ಹತ್ತುತ್ತದೆ, ಹತ್ತಲಿ. ಎರಡು ಸಲ ಓದಿದ ಪುಸ್ತಕ ಇಂಬಳ ಕಚ್ಚಿದ ಮಾತ್ರಕ್ಕೆ ಕೆಡುವುದಿಲ್ಲ. ಮಗಳನ್ನೂ ಕರೆದುಕೊಂಡು ಹೋಗಿ, ಬರುವಾಗ ಕಾರ್ಕಳದ ಕಡೆ ಒಂದು ದಿನ ಇಟ್ಟುಕೊಳ್ಳಿ.

ಬಂದ ಮೇಲೆ ನಮಗೆ ಒಂದು ಲೇಖನ ಬರೆದು ಕಳಿಸಿ. ಸಾವಿರ ಪದ ದಾಟದಿರಲಿ. ಕೈಬರಹವಾದರೂ ನಡೆಯುತ್ತದೆ, ಒಂದೇ ಮಗ್ಗುಲಿಗೆ ಬರೆಯಿರಿ. ಸೆಪ್ಟೆಂಬರ್ ಕೊನೆಯೊಳಗೆ ಕೈಸೇರಿದರೆ ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಹೆಸರು ಹಾಕಬೇಕೋ ಬೇಡವೋ ಅದರಲ್ಲೇ ತಿಳಿಸಿ.

— ಸಂಪಾದಕ