‘ತನಿಖಾ’ ಅಂತ ಬಂದರೆ ಪೊಲೀಸ್ ಆಗಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗಂಗಾವತಿ ಹತ್ತಿರದ ಹಳ್ಳಿಯವಳು. ದ್ವಿತೀಯ ಪಿಯುಸಿ, ಪಿಸಿಎಂಬಿ. ಮುಂದೆ ಏನು ಓದ್ತೀಯ ಅಂತ ಎಲ್ಲರೂ ಕೇಳ್ತಾರೆ. ಗೊತ್ತಾಗದೆ ಫೋನ್‌ನಲ್ಲಿ ಟೆಸ್ಟ್ ಮಾಡಿದೆ. ಒಂದರಲ್ಲಿ 60 ಪ್ರಶ್ನೆ ಇದ್ದವು. ಇಂಗ್ಲಿಷ್ ಇತ್ತು, ಕನ್ನಡಕ್ಕೆ ಅನುವಾದ ಹಾಕಿಕೊಂಡು ಓದಿದೆ. 24ಕ್ಕೆ ‘ಖಚಿತವಿಲ್ಲ’ ಒತ್ತಿದೆ. ಕೊನೆಗೆ ‘ತನಿಖಾ, ಸಾಂಪ್ರದಾಯಿಕ, ವಾಸ್ತವಿಕ’ ಅಂತ ಬಂತು. ಅಂದರೆ ಪೊಲೀಸ್ ಆಗಬೇಕಾ? ನಾನು ಹಳೇ ಕಾಲದವಳಾ? ಓದಿ ಬೇಜಾರಾಯಿತು. ಸ್ವಭಾವ ಯಾವ ಬಗೆ ಅಂತ ನಾಲ್ಕು ಅಕ್ಷರದಲ್ಲಿ ಹೇಳುವ ಇನ್ನೊಂದು ಟೆಸ್ಟ್‌ನಲ್ಲಿ ಮೊದಲು ಐಎನ್‌ಎಫ್‌ಪಿ ಬಂತು, ತಿಂಗಳು ಬಿಟ್ಟು ಮಾಡಿದರೆ ಐಎನ್‌ಟಿಪಿ. ನಮ್ಮ ಕಾಕಾ, ಬೆರಳಚ್ಚು ನೋಡಿ ಯಾವ ಕೋರ್ಸ್ ಅಂತ ಹೇಳ್ತಾರೆ, 4,000 ರೂಪಾಯಿ, ಮಾಡಿಸು ಅಂತಾರೆ. ಮನೆಯಲ್ಲಿ ನೆಲ್ಲಿನ ಲೆಕ್ಕ ಬರೆಯೋದು ನಾನೇ. ಕಳೆದ ಸಲ ಮಿಲ್‌ನಲ್ಲಿ ತೇವ 19 ಅಂತ ದುಡ್ಡು ಮುರಿದುಕೊಂಡರು. ಅದೇ ಚೀಲದ ಒಂದು ಹಿಡಿ ನೆಲ್ಲು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಕೊಂಡು ಇನ್ನೊಂದು ಮಿಲ್‌ಗೆ ಹೋದೆ. ಅಲ್ಲಿ 17 ತೋರಿಸಿತು. ಮೂರು ಸಲ ಹಾಕಿಸಿ, ಮೂರನ್ನೂ ಬರೆದಿಟ್ಟೆ. ಇಂಥದ್ದನ್ನು ಯಾವ ಟೆಸ್ಟೂ ಕೇಳಲಿಲ್ಲ.
– ಓದುಗಿ, ಗಂಗಾವತಿ ತಾಲ್ಲೂಕು

ಉತ್ತರ: ಮಗಳೇ, ಮೊದಲು ಆ ಬೇಜಾರು ಬಿಡು. ನಿನ್ನನ್ನು ಯಾರೂ ಹಳೇ ಕಾಲದವಳು ಅಂದಿಲ್ಲ. ಅನುವಾದ ಕೈಕೊಟ್ಟಿದೆ, ಅಷ್ಟೇ.

ಆ ಮೂರು ಮಾತು ಬಂದಿರುವುದು ಜಾನ್ ಹಾಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರಿಂದ. ಕೆಲಸಗಳನ್ನೂ ಕೆಲಸ ಮಾಡುವವರನ್ನೂ ಆರು ಬಗೆಯಾಗಿ ನೋಡಬಹುದು ಅಂತ ಅವರು 1959ರಿಂದ ಬರೆಯುತ್ತಾ ಬಂದರು. ಅವರ ‘ಇನ್ವೆಸ್ಟಿಗೇಟಿವ್’ ಅಂದರೆ ಪೊಲೀಸ್ ತನಿಖೆಯಲ್ಲ. ಯಾಕೆ ಹೀಗಾಯಿತು ಅಂತ ಕೆದಕಿ, ಪರೀಕ್ಷಿಸಿ ತಿಳಿಯುವ ಗುಣ. ‘ಕನ್ವೆನ್ಶನಲ್’ ಅಂದರೆ ಲೆಕ್ಕ, ದಾಖಲೆಗಳನ್ನು ಅಚ್ಚುಕಟ್ಟಾಗಿ ಇಡುವುದು. ‘ರಿಯಲಿಸ್ಟಿಕ್’ ಅಂದರೆ ಮಣ್ಣು, ಯಂತ್ರ, ಸಾಮಾನು ಮುಟ್ಟಿ ಕೈಯಿಂದ ಮಾಡುವ ಕೆಲಸ. ಈಗ ನಿನ್ನ ಡಬ್ಬಿಯ ನೆಲ್ಲು ನೆನಪು ಮಾಡಿಕೋ. ಅನುಮಾನ ಬಂತು, ಎರಡನೇ ಮೀಟರ್‌ಗೆ ಹಾಕಿಸಿದೆ. ತೇವ ಆರದಂತೆ ಡಬ್ಬಿ ಮುಚ್ಚಿದೆ. ಮೂರು ಸಲ ಅಳೆಸಿ ಬರೆದಿಟ್ಟೆ. ಮೂರೂ ಗುಣ ಅಲ್ಲೇ ಇವೆ, ಅಲ್ವಾ? ಸರ್ಕಾರಿ ಖರೀದಿ ಕೇಂದ್ರದಲ್ಲಿ ಭತ್ತದ ತೇವ 17% ದಾಟಬಾರದು. ಹಾಗಿರುವಾಗ 17ಕ್ಕೂ 19ಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮ್ಮಪ್ಪನನ್ನು ಕೇಳು. ನೀನು ಸಣ್ಣ ಕೆಲಸ ಮಾಡಿಲ್ಲ.

ಆದರೂ ಆ ಫಲಿತಾಂಶವನ್ನು ನಾನು ಪೂರ್ತಿ ನಂಬುವುದಿಲ್ಲ. ಕಾರಣ ಆ 24. ನೀನು ಮಾಡಿದ್ದು ಅಮೆರಿಕದ ಕಾರ್ಮಿಕ ಇಲಾಖೆ ಉಚಿತವಾಗಿ ಕೊಡುವ ಪ್ರಶ್ನೆಪಟ್ಟಿ ಇರಬೇಕು. ಅದರಲ್ಲಿ ಅಡುಗೆಮನೆಯ ಕಪಾಟು ಮಾಡೋದು ಇಷ್ಟವಾ, ಮೈಕ್ರೋಸ್ಕೋಪ್‌ನಲ್ಲಿ ರಕ್ತದ ಸ್ಯಾಂಪಲ್ ನೋಡೋದು ಇಷ್ಟವಾ ಅಂತೆಲ್ಲ ಕೇಳ್ತಾರೆ. ಬರುತ್ತದಾ ಅಂತಲ್ಲ, ಇಷ್ಟವಾ ಅಂತ. ಆಸ್ಪತ್ರೆ ಲ್ಯಾಬ್ ಒಳಗೆ ಕಾಲಿಡದ ಹುಡುಗಿ ಅದಕ್ಕೆ ಏನು ಒತ್ತಬೇಕು? ‘ಖಚಿತವಿಲ್ಲ’ ಅಂತ ಒತ್ತಿದ್ದು ಪ್ರಾಮಾಣಿಕ ಉತ್ತರ. ನಿನಗೆ ಇಷ್ಟಗಳಿಲ್ಲ ಅಂತ ಅದರ ಅರ್ಥವಲ್ಲ. ಆ 24 ಕೆಲಸಗಳನ್ನು ನಿನಗೆ ಯಾರೂ ತೋರಿಸಿಲ್ಲ.

ನನ್ನದೇ ಹೇಳ್ತೀನಿ. ಪಿಯುಸಿಗೆ ಮೊದಲು ನನ್ನನ್ನು ಕೇಳಿದ್ದರೆ ಜೀವಶಾಸ್ತ್ರ ಬೇಡ ಅಂತಿದ್ದೆ. ರಾಯಚೂರಿನಲ್ಲಿ ಒಂದು ಮಧ್ಯಾಹ್ನ ಲೆಕ್ಚರರ್ ಈರುಳ್ಳಿಯ ತೆಳು ಪೊರೆ ಸ್ಲೈಡ್ ಮೇಲೆ ಹಾಕಿ ತೋರಿಸಿದರು. ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು ಕೋಶಗಳು, ಒಂದೊಂದರಲ್ಲೂ ಒಂದು ಚುಕ್ಕೆ. ಗಂಟೆ ಹೊಡೆದರೂ ಕಣ್ಣು ತೆಗೆಯಲಿಲ್ಲ. ಆಮೇಲೆ ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೆ.

ನಾಲ್ಕಕ್ಷರದ ಟೆಸ್ಟ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡ. ಅದು ಪ್ರತಿ ಗುಣಕ್ಕೂ ನಡುವೆ ಒಂದು ಗೆರೆ ಎಳೆದು ಆಚೆ, ಈಚೆ ಅಂತ ಹಾಕುತ್ತದೆ. 59 ತಗೊಂಡವನಿಗೂ 61 ತಗೊಂಡವನಿಗೂ ಕ್ಲಾಸ್ ಬೇರೆ ಆಗುತ್ತದಲ್ಲ, ಹಾಗೆ. ಗೆರೆ ಹತ್ತಿರ ಇರುವವರಿಗೆ ತಿಂಗಳಲ್ಲಿ ಅಕ್ಷರ ಬದಲಾಗುವುದು ಮಾಮೂಲು. ಅದನ್ನು ನಂಬಿ ಕೋರ್ಸ್ ಆರಿಸಬೇಡ.

ಬೆರಳಚ್ಚಿನದು ಮಾತ್ರ ಖಂಡಿತ ಬೇಡ. ಬೆರಳ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡಿರುತ್ತದೆ. ಅದನ್ನು ನೋಡಿ ಬುದ್ಧಿ, ಆಸಕ್ತಿ, ಕೋರ್ಸ್ ಹೇಳುವುದಕ್ಕೆ ವಿಜ್ಞಾನದ ಆಧಾರ ಇಲ್ಲ. ಕಾಕಾ ಪ್ರೀತಿಯಿಂದಲೇ ಹೇಳಿದ್ದಾರೆ, ಅವರ ಮನಸ್ಸು ನೋಯಿಸಬೇಡ. ಆ 4,000 ರೂಪಾಯಿ ಸಿಇಟಿ ಪುಸ್ತಕಕ್ಕೆ ಕೊಡಿ ಅಂತ ಕೇಳು.

ಅಳೆದು, ಪರೀಕ್ಷಿಸಿ, ದಾಖಲೆ ಇಡುವ ಕೆಲಸಗಳು ಬಹಳ ಇವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ ಕೃಷಿ ಇದೆ, ಕೃಷಿ ಎಂಜಿನಿಯರಿಂಗೂ ಇದೆ. ಸಿಇಟಿ ಬರೆಯಬೇಕು. ಕೃಷಿಕರ ಕೋಟಾಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ನಿನಗೆ ಅದು ಕಷ್ಟವಾಗಲಾರದು. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ, ಕೊನೇ ಗಳಿಗೆಗೆ ಓಡಾಡಬೇಡ. ಆಸ್ಪತ್ರೆ ಲ್ಯಾಬ್ ಕಡೆ ಮನಸ್ಸು ಹೋದರೆ ಬಿ.ಎಸ್ಸಿ ಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ಇದೆ. ತೂಕ, ಅಳತೆ ಸರಿ ಇದೆಯಾ ಅಂತ ನೋಡುವುದಕ್ಕೇ ಸರ್ಕಾರದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ನಿನ್ನ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಆರಿಸುವ ಮೊದಲು ಒಂದು ಕೆಲಸ ಮಾಡು. ಕಾಲುವೆ ನೀರಿನ ಹೊಲ ಅಂದಮೇಲೆ ನಿಮ್ಮಲ್ಲೂ ಎಲ್ಲೋ ಒಂದು ಮೂಲೆ ಸವಳಾಗಿ ಬಿಳಿ ಉಪ್ಪು ಎದ್ದಿರಬಹುದು. ಆ ಮೂಲೆಯದೇ ಮಣ್ಣು ತೆಗೆ, ಒಳ್ಳೇ ಹೊಲದ ಮಣ್ಣು ಅದಕ್ಕೆ ಬೆರೆಸಬೇಡ. ಎಂಟು ಹತ್ತು ಕಡೆ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳ ಅಗೆ. ತೆಗೆದದ್ದನ್ನೆಲ್ಲ ಕಲಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋ ಚೀಲಕ್ಕೆ ಹಾಕು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಅಪ್ಪನ ಜೊತೆ ಅಲ್ಲಿಗೆ ಹೋಗು. ಈ ಮಣ್ಣನ್ನು ಹೇಗೆ ಪರೀಕ್ಷೆ ಮಾಡ್ತೀರಿ, ನಾನು ನಿಂತು ನೋಡಬಹುದಾ ಅಂತ ಕೇಳು. ಇನ್ನೊಂದು ದಿನ ತಾಲ್ಲೂಕು ಆಸ್ಪತ್ರೆ ಲ್ಯಾಬ್‌ಗೂ ಹೋಗಿ ಹೀಗೇ ಕೇಳು. ಮನೆಗೆ ಬಂದು ಆ 24 ಪ್ರಶ್ನೆಗಳನ್ನಷ್ಟೇ ಮತ್ತೆ ತೆಗೆ, ಈ ಸಲ ಅನುವಾದ ಬೇಡ, ನಿಮ್ಮ ಇಂಗ್ಲಿಷ್ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೋ. ಎಷ್ಟು ಉತ್ತರ ಬದಲಾದವು ಅಂತ ನನಗೆ ಬರಿ.