ಕ್ರೀಟ್‌ನಲ್ಲೂ ಹರಿವೆ ಸೊಪ್ಪು!

ಪ್ರಶ್ನೆ: ಗ್ರೀಸ್‌ನ ಕ್ರೀಟ್ ದ್ವೀಪದ ಹಳ್ಳಿಯಲ್ಲಿ ನೀವಿಬ್ಬರೇ ಇದ್ದೀರಂತೆ. ಊಟಕ್ಕೇನು ಮಾಡುತ್ತೀರಿ? ಬೇಜಾರಾಗಲ್ವಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲ ಬೇಸಿಗೆಯಲ್ಲಿ ಆಗಿತ್ತು. ಆಮೇಲೊಂದು ದಿನ ಪಕ್ಕದ ಮನೆ ಅಜ್ಜಿ ಒಂದು ಕಂತೆ 'ವ್ಲಿತಾ' ತಂದುಕೊಟ್ಟರು. ಬಿಚ್ಚಿ ನೋಡಿದರೆ ನಮ್ಮ ಹರಿವೆ ಸೊಪ್ಪಿನ ಜಾತಿಯದೇ! ಅವರು ಬೇಯಿಸಿ, ಆಲಿವ್ ಎಣ್ಣೆ ಸುರಿದು, ನಿಂಬೆಹಣ್ಣು ಹಿಂಡುತ್ತಾರೆ. ನಾನು ಹುಳಿ ಮಾಡಿದೆ. ಒಂದು ಬಟ್ಟಲು ಕೊಟ್ಟೆ. ಅಜ್ಜಿ ಖಾರಕ್ಕೆ ಕೆಮ್ಮಿದರೂ ಬಟ್ಟಲು ಖಾಲಿ ಮಾಡಿದರು. ಇಲ್ಲಿ ಗೋಣಿ ಸೊಪ್ಪನ್ನು ಹಸಿಯಾಗಿಯೇ ಟೊಮೆಟೊ ಜೊತೆ ತಿನ್ನುತ್ತಾರೆ. ಅದೂ ರುಚಿಯೇ.

ಅದೇ ಅಜ್ಜಿಯಿಂದ ಬೈಸಿಕೊಂಡದ್ದೂ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಸದ್ದು ಮಾಡಬಾರದು, ಕಾನೂನೇ ಇದೆ. ನಾನು ಸರಿಯಾಗಿ ಆ ಹೊತ್ತಿಗೇ ಇಡ್ಲಿ ಹಿಟ್ಟು ರುಬ್ಬಲು ಮಿಕ್ಸಿ ಹಾಕಿದ್ದೆ!

ಭಾಷೆಯ ಫಜೀತಿ ಯಜಮಾನರಿಗೇ ಜಾಸ್ತಿ. ಗ್ರೀಕ್‌ನಲ್ಲಿ 'ನೇ' ಅಂದರೆ ಹೌದು. 'ಇಲ್ಲ' ಅನ್ನಲು ಎಷ್ಟೋ ಸಲ ಬಾಯೇ ಬಿಡುವುದಿಲ್ಲ, ಹುಬ್ಬೆತ್ತಿ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸುತ್ತಾರೆ ಅಷ್ಟೇ. ಗ್ಯಾಸ್ ಸಿಲಿಂಡರ್ ಇದೆಯಾ ಎಂದು ಇವರು ಅಂಗಡಿಯಲ್ಲಿ ಕೇಳಿದರು. ಅಂಗಡಿಯವನು ಹುಬ್ಬೆತ್ತಿದ. ಒಳಗಿಂದ ತರುತ್ತಾನೆ ಅಂತ ಇವರು ಸುಮ್ನೆ ಕಾಲು ಗಂಟೆ ನಿಂತಿದ್ದರು.

ನವೆಂಬರ್ ಬಂದರೆ ಬೇಜಾರಿಗೆ ಪುರುಸೊತ್ತೇ ಇಲ್ಲ. ಮರದಡಿ ಬಲೆ ಹಾಸಿ ಆಲಿವ್ ಉದುರಿಸಲು ನಮ್ಮನ್ನೂ ಕರೆಯುತ್ತಾರೆ. ಕೂಲಿ ಎಣ್ಣೆಯ ರೂಪದಲ್ಲಿ. ಹೋದ ವರ್ಷ ಒಂದು ಡಬ್ಬ ಸಿಕ್ಕಿತು. ಒಗ್ಗರಣೆಗೂ ಅದೇ.