ಹಳೆಯ ಕ್ಯಾಂಪರ್ ವ್ಯಾನಿಗೆ ಡೀಸೆಲ್ ಎಂಜಿನ್: ಮೊದಲು ಗೇರ್‌ಬಾಕ್ಸಿನ ಲೆಕ್ಕ

ಪ್ರಶ್ನೆ: ನನ್ನ ಬಳಿ 1986ರ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ ವ್ಯಾನ್ ಇದೆ. ಅದರ 1.9 ಲೀಟರ್ ಪೆಟ್ರೋಲ್ ಎಂಜಿನ್ ಏರು ದಾರಿಯಲ್ಲಿ ಏದುಸಿರು ಬಿಡುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಈಚೆಗೆ ಕೂಲಂಟ್ ಸೋರತೊಡಗಿದೆ. ಹಳೆಯ ಕಾರೊಂದರಿಂದ 1.9 ಟಿಡಿಐ ಡೀಸೆಲ್ ಎಂಜಿನ್ ತಂದು ಕೂರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಪರಿಚಿತರು ಹೇಳುತ್ತಿದ್ದಾರೆ. ವರ್ಷಕ್ಕೆ ಸುಮಾರು 5,000 ಕಿ.ಮೀ. ಓಡಿಸುತ್ತೇನೆ. ಈ ಬದಲಾವಣೆ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು, ಆದರೆ ಇಂಧನದ ಉಳಿತಾಯವನ್ನೇ ನೆಚ್ಚಿಕೊಂಡು ಮಾಡಿಸುವುದಾದರೆ ಬೇಡವೆನ್ನುತ್ತೇನೆ. ನಿಮ್ಮಂಥ ವ್ಯಾನ್ ಪೆಟ್ರೋಲಿನಲ್ಲಿ 100 ಕಿ.ಮೀ.ಗೆ 12ರಿಂದ 14 ಲೀಟರ್ ಬೇಡಿದರೆ, ಚೆನ್ನಾಗಿ ಹೊಂದಿಸಿದ ಟಿಡಿಐ ಸುಮಾರು 8ರಿಂದ 9 ಲೀಟರಿನಲ್ಲಿ ಅಷ್ಟೇ ದೂರ ಓಡಿಸುತ್ತದೆ. ವರ್ಷಕ್ಕೆ ಉಳಿಯುವುದು 200ರಿಂದ 250 ಲೀಟರ್. ಎಂಜಿನ್, ಕೂಲಿ, ವೈರಿಂಗ್, ಗೇರ್‌ಬಾಕ್ಸ್, ತಪಾಸಣೆ ಎಲ್ಲ ಸೇರಿದ ವೆಚ್ಚವನ್ನು ಈ ಉಳಿತಾಯದಿಂದ ಭಾಗಿಸಿ ನೋಡಿದರೆ, ಹಾಕಿದ ಹಣ ಹುಟ್ಟಲು ಎಷ್ಟು ವರ್ಷ ಬೇಕೆಂಬುದು ನಿಮಗೇ ತಿಳಿಯುತ್ತದೆ.

ಎಳೆತದ ಮಾತು ಬೇರೆ. ನಿಮ್ಮದು ಡಿಜಿ ಎಂಬ ಸಾಮಾನ್ಯ ಮಾದರಿಯ ಎಂಜಿನ್ ಆಗಿದ್ದರೆ ಅದರ ಶಕ್ತಿ 78 ಅಶ್ವಶಕ್ತಿ, ಟಾರ್ಕ್ (ತಿರುಗಿಸುವ ಬಲ) ಸುಮಾರು 140 ನ್ಯೂಟನ್ ಮೀಟರ್. 1990ರ ದಶಕದ ಮೊದಲ ತಲೆಮಾರಿನ 1.9 ಟಿಡಿಐ ಕೊಡುವುದು 90 ಅಶ್ವಶಕ್ತಿ. ಆದರೆ ಅದರ 202 ನ್ಯೂಟನ್ ಮೀಟರ್ ಟಾರ್ಕ್ ಎಂಜಿನ್ ಕೇವಲ 1,900 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1,900 ಸುತ್ತು) ತಿರುಗುವಾಗಲೇ ಕೈಗೆ ಸಿಗುತ್ತದೆ. ಮಂಚ, ಒಲೆ, ನೀರಿನ ಟ್ಯಾಂಕ್ ಹೊತ್ತ ಭಾರದ ವ್ಯಾನ್ ಏರು ಹತ್ತುವಾಗ ನಿಮಗೆ ಬೇಕಾದದ್ದು ಇದೇ.

ಹೆಚ್ಚಿನವರು ಎಡವುವುದು ಗೇರ್‌ಬಾಕ್ಸಿನಲ್ಲಿ. ಪೆಟ್ರೋಲ್ ಎಂಜಿನ್ನಿಗೆಂದು ಮಾಡಿದ ಗೇರ್ ಅನುಪಾತಗಳು ಎಂಜಿನ್ ವೇಗವಾಗಿ ತಿರುಗುತ್ತದೆಂದು ನಂಬಿಕೊಂಡಿರುತ್ತವೆ. ಟೈರಿನ ಸುತ್ತಳತೆ 2 ಮೀಟರ್ ಎಂದಿಟ್ಟುಕೊಂಡರೆ, 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 833 ಸುತ್ತು ತಿರುಗುತ್ತದೆ. ಮೇಲಿನ ಗೇರಿನ ಒಟ್ಟು ಅನುಪಾತ 4.1 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 4.1 ಸುತ್ತು ತಿರುಗಿದರೆ, ಎಂಜಿನ್ ಸುಮಾರು 3,400 ಆರ್‌ಪಿಎಂನಲ್ಲಿ ಓಡಬೇಕಾಗುತ್ತದೆ. ಇದು ಪೆಟ್ರೋಲ್ ಎಂಜಿನ್ನಿಗೆ ಸಹಜ. ಡೀಸೆಲ್ ಎಂಜಿನ್ ಮಾತ್ರ ಆ ಹೊತ್ತಿಗೆ ತನ್ನ ಎಳೆತದ ಹಂತವನ್ನು ದಾಟಿ, ಸದ್ದು ಮಾಡುತ್ತಾ, ಉಳಿಸಬೇಕಾದ ಇಂಧನವನ್ನೂ ಸುಡುತ್ತಿರುತ್ತದೆ. ಅದೇ ಅನುಪಾತ 3.3ಕ್ಕೆ ಇಳಿದರೆ ಎಂಜಿನ್ ವೇಗ 2,750ಕ್ಕೆ ಇಳಿಯುತ್ತದೆ. ಆದ್ದರಿಂದ ಮೇಲಿನ ಗೇರನ್ನೋ ಕ್ರೌನ್ ಪಿನಿಯನ್ನನ್ನೋ (ಚಕ್ರಗಳಿಗೆ ಶಕ್ತಿ ದಾಟಿಸುವ ಕೊನೆಯ ಗೇರ್ ಜೋಡಿ) ಬದಲಿಸುವ ವೆಚ್ಚವನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ. ಇದನ್ನು ಬಿಟ್ಟು ಯಾರಾದರೂ ಅಗ್ಗದ ಅಂದಾಜು ಕೊಟ್ಟರೆ ಅದನ್ನು ಅರ್ಧ ಅಂದಾಜು ಎಂದೇ ತಿಳಿಯಬೇಕು. ನಿಮ್ಮ ಎಂಜಿನ್ ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ ಬಾಕ್ಸರ್ ಮಾದರಿಯದಾದ್ದರಿಂದ, ಸಾಲು ಸಿಲಿಂಡರಿನ ಡೀಸೆಲ್ ಎಂಜಿನ್ ಕೂರಲು ಕಾರ್ಖಾನೆಯ ಡೀಸೆಲ್ ಟಿ3ಯ ಬೆಲ್‌ಹೌಸಿಂಗ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕವಚ), ಮೌಂಟಿಂಗ್ ಮತ್ತು ಆಯಿಲ್ ಸಂಪ್ (ಎಂಜಿನ್ ಎಣ್ಣೆಯ ತಳದ ಪಾತ್ರೆ) ಕೂಡ ಹುಡುಕಬೇಕು. ಕಾರ್ಖಾನೆಯು ತನ್ನ ಡೀಸೆಲ್ ಎಂಜಿನ್ನನ್ನು 50 ಡಿಗ್ರಿ ವಾಲಿಸಿ ಕೂರಿಸಿದ್ದರಿಂದಲೇ ಅದು ನಿಮ್ಮ ಮಲಗುವ ಹಾಸಿಗೆಯ ಕೆಳಗೆ ಅಡಗಿತು.

ಇಂಧನದ ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ. ಮೊದಲ ತಲೆಮಾರಿನ ಟಿಡಿಐ ಪಂಪು ಅಷ್ಟು ದೂರದಿಂದ ಡೀಸೆಲನ್ನು ತಾನೇ ಹೀರಿಕೊಳ್ಳಬೇಕು. ಎಲ್ಲೋ ಒಂದು ಹಳೆಯ ಪೈಪಿನ ಕ್ಲಿಪ್ಪು ಸಡಿಲವಿದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಬೆಳಗಿನ ಹೊತ್ತು ಗಾಡಿ ಸ್ಟಾರ್ಟ್ ಆಗದೆ ನಿಮ್ಮ ಬ್ಯಾಟರಿಯನ್ನು ತಿನ್ನುತ್ತದೆ. ಪಂಪಿಗೆ ಸೇರುವ ಕೊನೆಯ ತುಂಡನ್ನು ಡೀಸೆಲ್ ತಾಳುವ ಪಾರದರ್ಶಕ ಪೈಪಿನಲ್ಲಿ ಹಾಕಿಸಿ. ಅದರಲ್ಲಿ ಗುಳ್ಳೆ ಓಡುತ್ತಿದ್ದರೆ ದೋಷವಿರುವುದು ಪಂಪಿನ ಹಿಂದಿನ ಲೈನಿನಲ್ಲಿ ಎಂದು ಕಣ್ಣಿಗೇ ಕಾಣುತ್ತದೆ. ಹಳೆಯ ಟ್ಯಾಂಕನ್ನು ಒಳಗಿನಿಂದ ತೊಳೆಸದೆ ಬಿಟ್ಟರೆ, ಪೆಟ್ರೋಲಿನ ಅಂಟು ಡೀಸೆಲಿಗೆ ಕರಗಿ ಫಿಲ್ಟರಿನಲ್ಲಿ ಕಟ್ಟುತ್ತದೆ.

ಬ್ರೇಕಿನ ವಿಷಯವನ್ನೂ ಮರೆಯುವಂತಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ (ಬ್ರೇಕ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗ) ಬೇಕಾದ ನಿರ್ವಾತವು ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಸಿಗುತ್ತದೆ, ಡೀಸೆಲಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಎಂಜಿನ್ ಜೊತೆ ಬರುವ ವ್ಯಾಕ್ಯೂಮ್ ಪಂಪನ್ನು ಉಳಿಸಿಕೊಂಡು, ಅದರ ಲೈನನ್ನು ಬೂಸ್ಟರಿನವರೆಗೆ ಗಟ್ಟಿಯಾಗಿ ಎಳೆಸಬೇಕು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದ್ದರೆ ಅದಕ್ಕೆ ಹೊರಗಾಳಿ ತಾಗುವ ಜಾಗ ಹುಡುಕುವುದೂ ಹಿಂದಿನ ಎಂಜಿನ್ನಿನ ಗಾಡಿಯಲ್ಲಿ ಸುಲಭವಲ್ಲ.

ಕಾನೂನಿನ ಕಾಗದಗಳು ಎಂಜಿನ್ನಿಗಿಂತ ಮುಂಚೆ ನೋಡಬೇಕಾದವು. ನೋಂದಣಿ ಕಚೇರಿ, ತಪಾಸಣಾಧಿಕಾರಿ, ವಿಮೆಯವರು ಈ ಮೂವರ ಒಪ್ಪಿಗೆ ಬರಹದಲ್ಲಿ ಸಿಗುವವರೆಗೆ ಬೋಲ್ಟ್ ಸಡಿಲಿಸಬೇಡಿ. ಹೊಗೆ ನಿರ್ಬಂಧವಿರುವ ನಗರಗಳಲ್ಲಿ ಹಳೆಯ ಡೀಸೆಲಿನ ಪಾಡು ಪೆಟ್ರೋಲಿಗಿಂತ ಕಷ್ಟ: ಲಂಡನ್ನಿನ ನಿಯಮದಲ್ಲಿ ಪೆಟ್ರೋಲಿಗೆ ಯೂರೋ 4 (ಯುರೋಪಿನ ಹೊಗೆ ಮಾನದಂಡ; ಸಂಖ್ಯೆ ಹೆಚ್ಚಿದಷ್ಟೂ ಕಠಿಣ) ಸಾಕಾದರೆ ಡೀಸೆಲಿಗೆ ಯೂರೋ 6 ಬೇಕು, ತೊಂಬತ್ತರ ದಶಕದ ಟಿಡಿಐ ಅದರ ಹತ್ತಿರಕ್ಕೂ ಬರುವುದಿಲ್ಲ. ಹಳೆಯ ವಾಹನವೆಂಬ ವಿನಾಯಿತಿ ನಿಮ್ಮಲ್ಲಿ ಇದ್ದರೂ, ಆ ಕಾಲದ್ದಲ್ಲದ ಎಂಜಿನ್ ಹಾಕಿದ ಮೇಲೆ ಅದು ಉಳಿಯುತ್ತದೆಯೇ ಎಂದು ಕೇಳಿಯೇ ತಿಳಿಯಬೇಕು.

ನಿಮ್ಮ ಕೂಲಂಟ್ ಸೋರಿಕೆಗೆ ಬರುತ್ತೇನೆ. ಈ ಬಾಕ್ಸರ್ ಎಂಜಿನ್ನಿನಲ್ಲಿ ಹೆಡ್ಡಿನ ಹೊರಗಿನ ರಬ್ಬರ್ ಸೀಲ್ ಕಾಲಕ್ರಮೇಣ ಸೋರುವುದು ಮತ್ತು ಅದರ ಅಂಚಿನ ಅಲ್ಯೂಮಿನಿಯಂ ಕೊರೆದುಹೋಗುವುದು ಹೆಸರಾಂತ ಕಾಯಿಲೆ. ಕಂಪ್ರೆಷನ್ ಸರಿಯಿದ್ದು, ಹೆಡ್ ದುರಸ್ತಿಯಾಗುವಂತಿದ್ದರೆ, ವರ್ಷಕ್ಕೆ 5,000 ಕಿ.ಮೀ. ಓಡುವ ನಿಮ್ಮ ಗಾಡಿಗೆ ಆ ದುರಸ್ತಿಯೇ ಸಾಕೆಂಬುದು ನನ್ನ ಸಲಹೆ. ಬ್ಲಾಕ್ ಕೂಡ ಕೆಟ್ಟಿದ್ದು, ದೂರದ ಪ್ರಯಾಣ ಹೆಚ್ಚಿದ್ದು, ನೀವು ಡೀಸೆಲನ್ನೇ ಆರಿಸಿದಿರಾದರೆ, ಎಂಜಿನ್ ಮಾತ್ರ ಕೊಳ್ಳದೆ ಓಡುತ್ತಿರುವ ಇಡೀ ಕಾರನ್ನೇ ಕೊಳ್ಳಿ: ಕಂಪ್ಯೂಟರ್, ವೈರಿಂಗ್, ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಪೆಡಲ್ ಎಲ್ಲ ಒಂದೇ ಗಾಡಿಯವು ಆಗಿರಲಿ, ಸರಿಯಾದ ಕೀ ಇಲ್ಲದೆ ಎಂಜಿನ್ ಓಡಲು ಬಿಡದ ಇಮೊಬಿಲೈಸರ್ ಇದ್ದರೆ ಅದರ ಕೀಯೂ ಜೊತೆಗೇ ಬರಲಿ. ಹಿಂದಿನ ದಿನ ಓಡಿಸದ ತಣ್ಣನೆಯ ಎಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ ನೋಡಿ ಕೊಳ್ಳಿ. ಹೊಸ ಎಂಜಿನ್ ಸಂಖ್ಯೆ ದಾಖಲೆಗೆ ಏರುವವರೆಗೂ ಹಳೆಯ ಎಂಜಿನ್ನನ್ನು ಯಾರಿಗೂ ಮಾರಬೇಡಿ.